ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಮೂರು ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ನಡೆದ ಮಾತುಕತೆಗಳಲ್ಲಿ, ಪೋಷಕರು ಬರೆದ ಪತ್ರಗಳಲ್ಲಿ, ಸಂಶೋಧನೆಗೆ ಹೊರಟವರ ವಿಚಾರಣೆಗಳಲ್ಲಿ ಮರಳಿ ಮರಳಿ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಉತ್ತರಗಳು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಾಮಾನ್ಯವಾಗಿ ಅನ್ವಯಿಸುತ್ತವೆ. ಆಯಾ ವರ್ಷದ ಶುಲ್ಕ ಮತ್ತು ದಿನಾಂಕಗಳನ್ನು ಮಾತ್ರ ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲೇ ನೋಡಿಕೊಳ್ಳಬೇಕು.

ಸೇರುವ ಮೊದಲು

ಭೂವಿಜ್ಞಾನ, ಭೂಗೋಳ ಎರಡೂ ಒಂದೇ ಅಲ್ಲವೇ ಸಾರ್? ಯಾವುದಕ್ಕೆ ಸೇರಿದರೂ ನಡೆಯುತ್ತದೆಯೇ?

ಎರಡೂ ಬೇರೆ ವಿಷಯಗಳು, ಮತ್ತು ಈ ವ್ಯತ್ಯಾಸ ಕೆಲಸ ಹುಡುಕುವ ಹೊತ್ತಿಗೆ ದೊಡ್ಡದಾಗುತ್ತದೆ. ಭೂವಿಜ್ಞಾನ ವಿಭಾಗದಲ್ಲಿ ಶಿಲೆ, ಖನಿಜ, ಅಂತರ್ಜಲ, ಭೂರಚನೆ, ಭೂರಸಾಯನಗಳ ಅಧ್ಯಯನ ನಡೆಯುತ್ತದೆ. ಭೂಗೋಳದಲ್ಲಿ ಪ್ರದೇಶ, ಜನಸಂಖ್ಯೆ, ಭೂಬಳಕೆ, ಹವಾಮಾನಗಳಿಗೆ ಒತ್ತು ಹೆಚ್ಚು. ಬೋಧನೆಗೂ ಸಂಶೋಧನೆಗೂ ಅರ್ಹತೆ ಕೊಡುವ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯನ್ನು ಭೂವಿಜ್ಞಾನದವರು ಭೂ, ವಾಯುಮಂಡಲ, ಸಾಗರ ಮತ್ತು ಗ್ರಹ ವಿಜ್ಞಾನಗಳ ಪತ್ರಿಕೆಯಲ್ಲಿ ಬರೆಯುತ್ತಾರೆ. ಭೂಗೋಳದವರಿಗೆ ಯುಜಿಸಿ ನೆಟ್‌ನಲ್ಲಿ ಪ್ರತ್ಯೇಕ ಪತ್ರಿಕೆಯಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜಿಯಾಲಜಿಸ್ಟ್ ಹುದ್ದೆಗೆ ಭೂಗೋಳದ ಎಂ.ಎ. ಅಥವಾ ಎಂ.ಎಸ್ಸಿ. ಪದವಿ ಅರ್ಹತೆಯಾಗುವುದಿಲ್ಲ. ಅರ್ಜಿ ಹಾಕುವಾಗ ಪದವಿಯ ಹೆಸರನ್ನು ಒಮ್ಮೆ ಸರಿಯಾಗಿ ಓದಿಕೊಳ್ಳಿ.

ಪಿಯುಸಿಯಲ್ಲಿ ಜಿಯಾಲಜಿ ಓದೇ ಇಲ್ಲ. ಬಿ.ಎಸ್ಸಿ.ಯಲ್ಲಿ ತೆಗೆದುಕೊಂಡರೆ ಕಷ್ಟವಾಗುತ್ತದೆಯೇ?

ಕಷ್ಟವಾಗುವುದಿಲ್ಲ. ಪಿಯು ವಿಷಯಗಳ ಪಟ್ಟಿಯಲ್ಲಿ ಭೂಗರ್ಭಶಾಸ್ತ್ರ ಇದ್ದರೂ ಅದನ್ನು ಕಲಿಸುವ ಕಾಲೇಜುಗಳು ಬಹಳ ಕಡಿಮೆ, ಆದ್ದರಿಂದ ಬಿ.ಎಸ್ಸಿ. ಮೊದಲ ಸೆಮಿಸ್ಟರ್ ಪಾಠ ಆರಂಭವಾಗುವುದೇ ವಿಷಯ ಗೊತ್ತಿಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡು. ಪಿಯುಸಿಯ ರಸಾಯನಶಾಸ್ತ್ರ ಗಟ್ಟಿಯಾಗಿದ್ದರೆ ಖನಿಜಶಾಸ್ತ್ರ ಸಲೀಸಾಗುತ್ತದೆ. ಎಂ.ಎಸ್ಸಿ. ಸಂಗತಿ ಬೇರೆ: ಸಾಮಾನ್ಯವಾಗಿ ಪದವಿಯಲ್ಲಿ ಭೂವಿಜ್ಞಾನವನ್ನು ಮುಖ್ಯ ವಿಷಯವಾಗಿ ಓದಿದವರಿಗೇ ಸೀಟು. ಹೀಗಾಗಿ ನಿರ್ಧಾರ ಮಾಡಬೇಕಾದದ್ದು ಪಿಯುಸಿ ಮುಗಿದ ಕೂಡಲೇ, ಬಿ.ಎಸ್ಸಿ. ಸಂಯೋಜನೆ ಆಯ್ದುಕೊಳ್ಳುವ ದಿನ.

ಮಗಳನ್ನು ಬೆಟ್ಟ ಗುಡ್ಡ ಅಲೆಯುವ ಕೋರ್ಸಿಗೆ ಹೇಗೆ ಕಳಿಸುವುದು?

ಕ್ಷೇತ್ರಕಾರ್ಯ ಈ ವಿಷಯದ ಕಡ್ಡಾಯ ಭಾಗ. ಅದನ್ನು ಬಿಟ್ಟು ಪದವಿ ಇಲ್ಲ. ಆದರೆ ವಿದ್ಯಾರ್ಥಿಗಳು ಒಬ್ಬೊಬ್ಬರೇ ಹೋಗುವುದಿಲ್ಲ, ಅಧ್ಯಾಪಕರೊಂದಿಗೆ ತಂಡವಾಗಿ ಹೋಗುತ್ತಾರೆ. ತಂಡದಲ್ಲಿ ಹೆಣ್ಣುಮಕ್ಕಳಿದ್ದಾಗ ಅಧ್ಯಾಪಕಿಯೊಬ್ಬರು ಜೊತೆಗಿರುತ್ತಾರೆಯೇ, ರಾತ್ರಿ ವಾಸ್ತವ್ಯ ಎಲ್ಲಿ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳುವ ಹಕ್ಕು ಪೋಷಕರಿಗಿದೆ, ಕೇಳಲೇಬೇಕು. ಮಧುಗಿರಿಯ ಏಕಶಿಲೆ, ಚಿಕ್ಕನಾಯಕನಹಳ್ಳಿಯ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಪಟ್ಟಿ, ಕೋಲಾರ ಜಿಲ್ಲೆಯ ಪೆದ್ದಪಲ್ಲಿಯಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾದ ಜ್ವಾಲಾಮುಖಿ ಶಿಲೆಗಳು, ಇವೆಲ್ಲ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬಹುದಾದಷ್ಟು ಹತ್ತಿರದಲ್ಲಿವೆ.

ಗಣಿಯೊಳಗೆ ಹೆಣ್ಣುಮಕ್ಕಳಿಗೆ ಕೆಲಸವಿಲ್ಲ ಎಂಬ ಮಾತು ಈಗ ಹಳತಾಯಿತು. ಗಣಿ ಕಾಯ್ದೆಯಲ್ಲಿದ್ದ ಆ ನಿರ್ಬಂಧವನ್ನು ಕೇಂದ್ರ ಸರ್ಕಾರ 2019ರಲ್ಲಿ ಸಡಿಲಿಸಿದ್ದು, ತಾಂತ್ರಿಕ, ಮೇಲ್ವಿಚಾರಣೆ ಮತ್ತು ವ್ಯವಸ್ಥಾಪಕ ಹುದ್ದೆಗಳಲ್ಲಿ ಮಹಿಳೆಯರು ಭೂಮಿಯ ಒಳಗೂ ಕೆಲಸ ಮಾಡಬಹುದು.

ಕೆಜಿಎಫ್ ಮುಚ್ಚಿ ಇಷ್ಟು ವರ್ಷವಾಯಿತು. ಇನ್ನು ಜಿಯಾಲಜಿ ಓದಿದವರಿಗೆ ಕೆಲಸ ಎಲ್ಲಿದೆ?

ಕೋಲಾರದ ಪ್ರತಿ ಕಾಲೇಜಿನಲ್ಲೂ ಬರುವ ಪ್ರಶ್ನೆ ಇದು, ಮತ್ತು ಅದರ ಹಿಂದಿನ ನೋವು ಅರ್ಥವಾಗುವಂಥದ್ದು. 2001ರ ಫೆಬ್ರವರಿ 28ರಂದು ಗಣಿ ನಿಂತಾಗ ಒಂದು ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಆದರೂ ಭೂವಿಜ್ಞಾನಿಯ ಕೆಲಸ ಚಿನ್ನದ ಗಣಿಯೊಂದಕ್ಕೇ ಕಟ್ಟುಬಿದ್ದಿಲ್ಲ.

ಯುಪಿಎಸ್‌ಸಿ ಪ್ರತಿವರ್ಷ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆಯ ಮೂಲಕ ಭೂವೈಜ್ಞಾನಿಕ ಸರ್ವೇಕ್ಷಣೆಗೂ ಕೇಂದ್ರ ಅಂತರ್ಜಲ ಮಂಡಳಿಗೂ ನೇಮಕ ನಡೆಯುತ್ತದೆ. ಗೇಟ್ ಪರೀಕ್ಷೆಯ ಭೂವಿಜ್ಞಾನ ಪತ್ರಿಕೆಯ ಅಂಕಗಳನ್ನು ಓಎನ್‌ಜಿಸಿಯಂಥ ಸಾರ್ವಜನಿಕ ಉದ್ಯಮಗಳು ಪರಿಗಣಿಸುತ್ತವೆ. ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲ ನಿರ್ದೇಶನಾಲಯ, ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಇವೆ. ಸುರಂಗ, ಅಣೆಕಟ್ಟು, ಮೆಟ್ರೊ ಕಾಮಗಾರಿಗಳ ಸಲಹಾ ಸಂಸ್ಥೆಗಳಲ್ಲಿ ಎಂಜಿನಿಯರಿಂಗ್ ಭೂವಿಜ್ಞಾನಿಗಳು ಬೇಕಾಗುತ್ತಾರೆ. ರಾಜ್ಯ ಸರ್ಕಾರದ ಹುದ್ದೆಗಳ ಅಧಿಸೂಚನೆಗಳ ನಡುವೆ ವರ್ಷಗಳ ಅಂತರ ಇರುವುದರಿಂದ, ಅದೊಂದನ್ನೇ ನೆಚ್ಚಿಕೊಂಡು ಕೂರದೆ ಎಂ.ಎಸ್ಸಿ. ಮೂರನೇ ಸೆಮಿಸ್ಟರಿನಿಂದಲೇ ಕೇಂದ್ರದ ಪರೀಕ್ಷೆಗಳಿಗೆ ತಯಾರಿ ನಡೆಸುವುದು ಒಳ್ಳೆಯದು.

ಖರ್ಚು ಎಷ್ಟು ಬರುತ್ತದೆ? ವಿದ್ಯಾರ್ಥಿವೇತನ ಇದೆಯೇ?

ಸರ್ಕಾರಿ ಕೋಟಾದ ಸೀಟಿನ ಬೋಧನಾ ಶುಲ್ಕ ವೃತ್ತಿಪರ ಕೋರ್ಸುಗಳಿಗೆ ಹೋಲಿಸಿದರೆ ತೀರಾ ಕಡಿಮೆ. ಹೆಚ್ಚುವರಿ ಖರ್ಚು ಕ್ಷೇತ್ರಕಾರ್ಯದ್ದು. ಅದರಲ್ಲಿ ವಿಭಾಗ ಎಷ್ಟು ಭರಿಸುತ್ತದೆ, ವಿದ್ಯಾರ್ಥಿ ಎಷ್ಟು ಕೊಡಬೇಕು ಎಂದು ಪ್ರವೇಶದ ದಿನವೇ ಕೇಳಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪಿಯುಸಿ ಮಂಡಳಿಯ ಮೇಲಿನ ಶೇಕಡ 1ರೊಳಗೆ ಬಂದು ಮೂಲವಿಜ್ಞಾನದ ಪದವಿಗೆ ಸೇರಿದವರಿಗೆ ಕೇಂದ್ರದ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿ ಇದೆ. ಭೂವಿಜ್ಞಾನವೂ ಆ ಪಟ್ಟಿಯಲ್ಲಿದೆ ಎಂಬುದು ಅನೇಕ ಪ್ರಾಂಶುಪಾಲರಿಗೇ ಗಮನಕ್ಕೆ ಬಂದಿರುವುದಿಲ್ಲ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಪಾವಗಡ, ಬಾಗೇಪಲ್ಲಿಯಂಥ ದೂರದ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ ಓಡಾಟದ ಖರ್ಚು ಉಳಿದಿದೆ.

ದಾಖಲಾತಿ

ಇಷ್ಟು ಒಳ್ಳೆಯ ವಿಷಯವಾದರೆ ಸೀಟುಗಳು ಯಾಕೆ ಖಾಲಿ ಇರುತ್ತವೆ?

ಸ್ನಾತಕೋತ್ತರ ವಿಭಾಗಕ್ಕೆ ವಿದ್ಯಾರ್ಥಿಗಳು ಬರಬೇಕಾದರೆ ಸುತ್ತಲಿನ ಪದವಿ ಕಾಲೇಜುಗಳಲ್ಲಿ ಭೂವಿಜ್ಞಾನ ಇರಬೇಕು. ಒಂದು ಕಾಲೇಜಿನಲ್ಲಿ ಭೂವಿಜ್ಞಾನದ ಉಪನ್ಯಾಸಕರು ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ಯಾರೂ ಬರುವುದಿಲ್ಲ. ಮರುವರ್ಷ ಆ ಸಂಯೋಜನೆಗೆ ಪ್ರವೇಶ ನಿಲ್ಲುತ್ತದೆ. ಮೂರು ವರ್ಷ ಕಳೆಯುವಷ್ಟರಲ್ಲಿ ಎಂ.ಎಸ್ಸಿ.ಗೆ ಆ ಕಾಲೇಜಿನಿಂದ ಅರ್ಜಿ ಹಾಕುವವರೇ ಇರುವುದಿಲ್ಲ. ವಿಶ್ವವಿದ್ಯಾಲಯದ ಸೀಟು ಖಾಲಿ ಉಳಿದದ್ದಕ್ಕೆ ಮಕ್ಕಳಿಗೆ ಆಸಕ್ತಿಯಿಲ್ಲ ಎಂದು ಕಾರಣ ಕೊಡುವವರು ಈ ಸರಣಿಯನ್ನು ನೋಡಿರುವುದಿಲ್ಲ.

ನಮ್ಮ ಭಾಗಕ್ಕೆ ಇನ್ನೂ ಒಂದು ಕಾರಣವಿದೆ. ಮೂರೂ ಜಿಲ್ಲೆಗಳ ಕಾಲೇಜುಗಳು ಹಿಂದೆ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವೂ, 2017ರಲ್ಲಿ ಕೋಲಾರದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೂ ಆದವು. ಕಾಲೇಜುಗಳು ಹಂಚಿಹೋದವು, ದಶಕಗಳಿಂದ ಬೆಳೆದ ಭೂವಿಜ್ಞಾನ ವಿಭಾಗ, ಅದರ ಶಿಲಾ ಸಂಗ್ರಹ, ಪ್ರಯೋಗಾಲಯ ಎಲ್ಲವೂ ಬೆಂಗಳೂರು ವಿಶ್ವವಿದ್ಯಾಲಯದ ಆವರಣವಾದ ಜ್ಞಾನಭಾರತಿಯಲ್ಲೇ ಉಳಿದವು. ಹೊಸ ವಿಶ್ವವಿದ್ಯಾಲಯ ಕಟ್ಟುವವರು ಮೊದಲು ಹೆಚ್ಚು ಬೇಡಿಕೆಯ ಕೋರ್ಸುಗಳನ್ನು ತೆರೆಯುವುದು ಸಹಜ, ಆದರೆ ಅದರ ಹೊರೆಯನ್ನು ಹೊತ್ತದ್ದು ಇಂಥ ವಿಷಯಗಳು.

ನಾಲ್ಕು ವರ್ಷದ ಪದವಿ ಬಂದು ಹೋಯಿತಲ್ಲ, ಅದರಿಂದ ವಿಭಾಗಕ್ಕೆ ಏನಾಯಿತು?

ರಾಜ್ಯದಲ್ಲಿ 2021-22ರಿಂದ ಜಾರಿಯಾದ ನಾಲ್ಕು ವರ್ಷದ ಆನರ್ಸ್ ಪದ್ಧತಿ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ತಿರುಗಿತು. ನಡುವಿನ ತಂಡಗಳು ಓದಿದ ಪಠ್ಯಕ್ರಮ ಹಿಂದಿನವರದ್ದಕ್ಕೂ ಮುಂದಿನವರದ್ದಕ್ಕೂ ಹೊಂದುವುದಿಲ್ಲ. ಈಗ ಎಂ.ಎಸ್ಸಿ. ತರಗತಿಯಲ್ಲಿ ಮೊದಲ ಕೆಲವು ವಾರಗಳನ್ನು ಸ್ಫಟಿಕಶಾಸ್ತ್ರ, ದೃಗ್ ಖನಿಜಶಾಸ್ತ್ರಗಳ ಪುನರಾವರ್ತನೆಗೆ ಕೊಡುವುದು ಅಧ್ಯಾಪಕರಿಗೆ ಅನಿವಾರ್ಯವಾಗಿದೆ.

ವಿದ್ಯಾರ್ಥಿಗಳು ಕಡಿಮೆಯಾದರೆ ವಿಭಾಗವನ್ನೇ ಮುಚ್ಚಿಬಿಡುತ್ತಾರೆಯೇ?

ವಿಭಾಗವನ್ನು ಒಂದೇ ಏಟಿಗೆ ಮುಚ್ಚುವುದು ಅಪರೂಪ. ಸಾಮಾನ್ಯವಾಗಿ ನಡೆಯುವುದು ನಿಧಾನದ ಕ್ರಿಯೆ: ಕನಿಷ್ಠ ಸಂಖ್ಯೆ ತುಂಬದ ವರ್ಷ ಆ ಸಾಲಿನ ಪ್ರವೇಶ ತಡೆಹಿಡಿಯುತ್ತಾರೆ, ಕಾರ್ಯಭಾರ, ಅಂದರೆ ಅಧ್ಯಾಪಕರಿಗೆ ಸಾಕಷ್ಟು ಪಾಠದ ಗಂಟೆ, ಇಲ್ಲ ಎಂಬ ಷರಾ ಬೀಳುತ್ತದೆ, ಆ ಷರಾದ ಆಧಾರದ ಮೇಲೆ ಖಾಲಿ ಹುದ್ದೆ ಬೇರೆ ವಿಭಾಗದ ಪಾಲಾಗುತ್ತದೆ. ಹುದ್ದೆ ಒಮ್ಮೆ ಹೋದರೆ ತಿರುಗಿ ಬರುವುದು ಬಹಳ ಕಷ್ಟ. ಪ್ರವೇಶ ಸಂಖ್ಯೆ ಕುಸಿದ ಮೊದಲ ವರ್ಷವೇ ಅಧ್ಯಯನ ಮಂಡಳಿ ಸಭೆ ಸೇರಿ, ಅಂತರ್ಜಲ ಅಥವಾ ದೂರಸಂವೇದಿಯಂಥ (ಉಪಗ್ರಹ ಚಿತ್ರಗಳಿಂದ ನೆಲವನ್ನು ಅರಿಯುವ ವಿಧಾನ) ಪತ್ರಿಕೆಗಳನ್ನು ಇತರ ವಿಭಾಗದ ವಿದ್ಯಾರ್ಥಿಗಳಿಗೂ ಮುಕ್ತ ಐಚ್ಛಿಕವಾಗಿ ತೆರೆದರೆ ಕಾರ್ಯಭಾರ ಉಳಿಯುತ್ತದೆ. ಮುಖ್ಯಸ್ಥರಾದವರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೋಧಕರು ಮತ್ತು ಸಿಬ್ಬಂದಿ

ಮಂಜೂರಾದ ಹುದ್ದೆ ಇದೆ ಎನ್ನುತ್ತಾರೆ. ಮತ್ತೆ ಭರ್ತಿ ಯಾಕೆ ಮಾಡುವುದಿಲ್ಲ?

ಮಂಜೂರಾತಿಗೂ ನೇಮಕಾತಿಗೂ ನಡುವೆ ಹಲವು ಮೆಟ್ಟಿಲುಗಳಿವೆ. ಹುದ್ದೆ ಖಾಲಿಯಾದ ಮೇಲೆ ಅದನ್ನು ತುಂಬಲು ರಾಜ್ಯದ ಆರ್ಥಿಕ ಇಲಾಖೆಯ ಸಹಮತಿ ಬೇಕು. ಯಾವ ಹುದ್ದೆ ಯಾವ ವರ್ಗಕ್ಕೆ ಎಂದು ತೋರಿಸುವ ಮೀಸಲಾತಿಯ ರೋಸ್ಟರ್ ಸಿದ್ಧಪಡಿಸಿ ಅನುಮೋದನೆ ಪಡೆಯಬೇಕು. ಅಧಿಸೂಚನೆ, ಅರ್ಜಿಗಳ ಪರಿಶೀಲನೆ, ನೇಮಕಾತಿ ಮಂಡಳಿಯ ಸಂದರ್ಶನ, ಸಿಂಡಿಕೇಟ್ ಒಪ್ಪಿಗೆ ಮುಗಿಯಬೇಕು. ಯಾವುದೇ ಹಂತದಲ್ಲಿ ನ್ಯಾಯಾಲಯದ ತಡೆ ಬಂದರೆ ಅಥವಾ ಕುಲಪತಿಗಳ ಅವಧಿ ಮುಗಿಯುತ್ತ ಬಂದರೆ ಕಡತ ಅಲ್ಲೇ ನಿಲ್ಲುತ್ತದೆ. ದೊಡ್ಡ ವಿಭಾಗದಲ್ಲಿ ಒಂದು ಹುದ್ದೆ ಹೀಗೆ ಉಳಿದರೆ ಕೆಲಸ ಹೇಗೋ ಸಾಗುತ್ತದೆ. ನಾಲ್ಕೈದು ಹುದ್ದೆಗಳ ಭೂವಿಜ್ಞಾನ ವಿಭಾಗದಲ್ಲಿ ಇಬ್ಬರು ನಿವೃತ್ತರಾದರೆ ಅರ್ಧ ಪಠ್ಯಕ್ರಮಕ್ಕೆ ತಜ್ಞರೇ ಇಲ್ಲದಂತಾಗುತ್ತದೆ, ಏಕೆಂದರೆ ಶಿಲಾಶಾಸ್ತ್ರದವರು ಜಲಭೂವಿಜ್ಞಾನವನ್ನೂ ಪಳೆಯುಳಿಕೆಯವರು ಭೂಭೌತಶಾಸ್ತ್ರವನ್ನೂ ಅದೇ ಆಳದಲ್ಲಿ ಕಲಿಸಲಾರರು.

ಅತಿಥಿ ಉಪನ್ಯಾಸಕರು ಚೆನ್ನಾಗಿಯೇ ಪಾಠ ಮಾಡುತ್ತಾರೆ. ಖಾಯಂ ಹುದ್ದೆಗೆ ಯಾಕೆ ಇಷ್ಟು ಒತ್ತು?

ಅವರು ಚೆನ್ನಾಗಿ ಪಾಠ ಮಾಡುತ್ತಾರೆ ಎಂಬುದರಲ್ಲಿ ಎರಡು ಮಾತಿಲ್ಲ; ಹಲವು ವಿಭಾಗಗಳು ಉಸಿರಾಡುತ್ತಿರುವುದೇ ಅವರಿಂದ. ತೊಂದರೆ ಇರುವುದು ನಿಯಮಗಳಲ್ಲಿ. ಪಿಎಚ್.ಡಿ. ಮಾರ್ಗದರ್ಶಕರಾಗಲು ಖಾಯಂ ಅಧ್ಯಾಪಕರೇ ಆಗಿರಬೇಕು. ಬಹುತೇಕ ಸಂಶೋಧನಾ ಯೋಜನೆಗಳಿಗೆ ಪ್ರಧಾನ ಸಂಶೋಧಕರಾಗಿ ಅರ್ಜಿ ಹಾಕಲು ಯೋಜನೆಯ ಅವಧಿಯುದ್ದಕ್ಕೂ ಉಳಿಯುವ ಖಾಯಂ ನೌಕರಿ ಬೇಕು. ಸೆಮಿಸ್ಟರಿಗೊಮ್ಮೆ ಆದೇಶ ಪಡೆಯುವವರು ಮೂರು ವರ್ಷದ ಯೋಜನೆಗೆ ಸಹಿ ಹಾಕಲಾರರು, 30 ವಿದ್ಯಾರ್ಥಿಗಳನ್ನು ಹೊರರಾಜ್ಯದ ಕ್ಷೇತ್ರಕಾರ್ಯಕ್ಕೆ ಕರೆದೊಯ್ಯುವ ಹೊಣೆಯನ್ನೂ ಹೊರಲಾರರು. ಗುತ್ತಿಗೆ ನೇಮಕ ಒಟ್ಟು ಬೋಧಕ ಹುದ್ದೆಗಳ ಶೇಕಡ 10ನ್ನು ಮೀರಬಾರದೆಂದು ಯುಜಿಸಿಯ 2018ರ ನಿಯಮಾವಳಿ ಹೇಳುತ್ತದೆ. ಅತಿಥಿ ಬೋಧಕರಿಗೆ ಉಪನ್ಯಾಸವೊಂದಕ್ಕೆ 1,500 ರೂಪಾಯಿಯಂತೆ ತಿಂಗಳಿಗೆ 50,000 ರೂಪಾಯಿವರೆಗೆ ಗೌರವಧನ ಕೊಡಬಹುದೆಂದು ಅದೇ ಆಯೋಗ 2019ರಲ್ಲಿ ತಿಳಿಸಿದೆ.

ದಾಖಲಾತಿ, ಅನುದಾನ, ಸಂಶೋಧನೆ ಎಲ್ಲದಕ್ಕೂ ಖಾಯಂ ಹುದ್ದೆಯೇ ಬೇರು. ನೀರೆರೆಯಬೇಕಾದದ್ದು ಅಲ್ಲಿಗೇ.

ಸಹಾಯಕ ಪ್ರಾಧ್ಯಾಪಕರಾಗಲು ನೆಟ್ ಸಾಕೋ, ಪಿಎಚ್.ಡಿ. ಬೇಕೇ ಬೇಕೋ?

2023ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆಸೆಟ್‌ನಂಥ ಅರ್ಹತೆಯೇ ಕನಿಷ್ಠ ಮಾನದಂಡ, ಪಿಎಚ್.ಡಿ. ಐಚ್ಛಿಕ. ಆದರೂ ಭೂವಿಜ್ಞಾನದಲ್ಲಿ ಪಿಎಚ್.ಡಿ. ಇಲ್ಲದೆ ಒಳಗೆ ಬಂದವರು ಯೋಜನೆ, ಮಾರ್ಗದರ್ಶನ, ಬಡ್ತಿ ಮೂರರಲ್ಲೂ ಹಿಂದೆ ಬೀಳುತ್ತಾರೆ. ಆರಂಭಿಕ ಮೂಲ ವೇತನ ಏಳನೇ ಯುಜಿಸಿ ವೇತನ ಶ್ರೇಣಿಯಲ್ಲಿ 57,700 ರೂಪಾಯಿ. ವಾರಕ್ಕೆ 16 ಗಂಟೆ ನೇರ ಬೋಧನೆ. ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ.

ಪ್ರಯೋಗಾಲಯದ ಸಹಾಯಕರ ಹುದ್ದೆ ಖಾಲಿ ಇದ್ದರೆ ಅಷ್ಟೇನೂ ತೊಂದರೆ ಇಲ್ಲವಲ್ಲ?

ದೊಡ್ಡ ತೊಂದರೆಯೇ ಇದೆ. ಒಂದು ಥಿನ್ ಸೆಕ್ಷನ್, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ಬೆಳಕು ಹಾಯುವಷ್ಟು ತೆಳುವಾಗಿಸಿದ ಕಲ್ಲಿನ ಹಾಳೆ, ಹೇಗೆ ತಯಾರಾಗುತ್ತದೆ ಎಂದು ಹತ್ತಿರ ನಿಂತು ನೋಡಿದವರಿಗೆ ಇದು ಗೊತ್ತು. ಕಲ್ಲಿನ ಚೂರನ್ನು ವಜ್ರದ ಅಲಗಿನ ಯಂತ್ರದಲ್ಲಿ ಕತ್ತರಿಸಿ, ಒಂದು ಮುಖವನ್ನು ಕಾರ್ಬೊರಂಡಂ ಪುಡಿಯಲ್ಲಿ ನುಣ್ಣಗೆ ಉಜ್ಜಿ, ಗಾಜಿನ ಪಟ್ಟಿಗೆ ಗುಳ್ಳೆ ಬಾರದಂತೆ ಅಂಟಿಸಿ, ಆಮೇಲೆ ಇನ್ನೊಂದು ಮುಖವನ್ನು 0.03 ಮಿಲಿಮೀಟರ್ ದಪ್ಪಕ್ಕೆ ಇಳಿಸಬೇಕು. ಆ ದಪ್ಪವನ್ನು ಅಳೆಯುವುದು ಕಣ್ಣಿನಲ್ಲಿ: ಧ್ರುವೀಕರಣ ಸೂಕ್ಷ್ಮದರ್ಶಕದಡಿ ಕ್ವಾರ್ಟ್ಜ್ ಹರಳು ಹಳದಿಯಾಗಿ ಕಂಡರೆ ಇನ್ನೂ ದಪ್ಪ ಇದೆ, ಬೂದು ಬಿಳಿಯಾದರೆ ಸರಿ. ಅಲ್ಲಿಂದಾಚೆಗೆ ಎರಡು ಉಜ್ಜು ಹೆಚ್ಚಾದರೆ ಶಿಲೆಯೇ ಮಾಯ. ಈ ಕೈಹದ ಬರಲು ವರ್ಷಗಳು ಬೇಕು. ಸೆಕ್ಷನ್ ಕಟ್ಟರ್ ನಿವೃತ್ತರಾಗಿ ಅವರ ಜಾಗಕ್ಕೆ ಹೊರಗುತ್ತಿಗೆಯಲ್ಲಿ ಬೇರೆ ಯಾರನ್ನೋ ಹಾಕಿದರೆ, ಯಂತ್ರ ಧೂಳು ಹಿಡಿಯುತ್ತದೆ. ವಿದ್ಯಾರ್ಥಿಗಳು ಹಿಂದಿನವರು ಮಾಡಿಟ್ಟ ಹಳೆಯ ಸ್ಲೈಡುಗಳನ್ನೇ ನೋಡಿ ಪರೀಕ್ಷೆ ಬರೆಯುತ್ತಾರೆ. ತಾವೇ ತಂದ ಕಲ್ಲಿನೊಳಗೆ ಏನಿದೆ ಎಂದು ನೋಡುವ ಅವಕಾಶ ಅವರಿಗೆ ಸಿಗುವುದಿಲ್ಲ. ಬೋಧಕೇತರ ಹುದ್ದೆಗಳ ಬಗ್ಗೆ ಯಾರೂ ಮನವಿ ಕೊಡುವುದಿಲ್ಲ ಎಂಬುದು ಬೇಸರದ ಸಂಗತಿ.

ಸಂಶೋಧನೆ ಮತ್ತು ಅನುದಾನ

ಸಂಶೋಧನೆಗೆ ಹಣ ಯಾರು ಕೊಡುತ್ತಾರೆ? ವಿಶ್ವವಿದ್ಯಾಲಯವೇ ಕೊಡುವುದಿಲ್ಲವೇ?

ರಾಜ್ಯ ವಿಶ್ವವಿದ್ಯಾಲಯಕ್ಕೆ ಸರ್ಕಾರದಿಂದ ಬರುವ ಅನುದಾನದ ಬಹುಭಾಗ ವೇತನಕ್ಕೂ ಪಿಂಚಣಿಗೂ ಹೋಗುತ್ತದೆ. ಸಂಶೋಧನೆಯ ಹಣವನ್ನು ಅಧ್ಯಾಪಕರೇ ಪ್ರಸ್ತಾವನೆ ಬರೆದು ಹೊರಗಿನಿಂದ ತರಬೇಕು. ಹಿಂದೆ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿಯಾದ ಎಸ್‌ಇಆರ್‌ಬಿ ನಡೆಸುತ್ತಿದ್ದ ಯೋಜನೆಗಳನ್ನು ಈಗ 2023ರ ಕಾಯ್ದೆಯಡಿ ಸ್ಥಾಪನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ನಡೆಸುತ್ತಿದೆ. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಯ ಗುರಿ ಅದಕ್ಕಿದೆ. ಕೇಂದ್ರದ ಭೂವಿಜ್ಞಾನ ಸಚಿವಾಲಯ, ಗಣಿ ಸಚಿವಾಲಯ, ಸಿಎಸ್‌ಐಆರ್ ಕೂಡ ಯೋಜನೆಗಳನ್ನು ಕೊಡುತ್ತವೆ. ವಿಭಾಗದ ಉಪಕರಣಗಳಿಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ, ಅಂದರೆ ಡಿಎಸ್‌ಟಿಯ, ಫಿಸ್ಟ್ ಯೋಜನೆ ಇದೆ. ರಾಜ್ಯದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ದರ್ಶನ ಗುಂಪು, ಅಂದರೆ ವಿಜಿಎಸ್‌ಟಿ, ಸಣ್ಣ ಮೊತ್ತದ ಅನುದಾನ ನೀಡುತ್ತದೆ. ಮೊದಲ ಬಾರಿಗೆ ಪ್ರಸ್ತಾವನೆ ಬರೆಯುವ ಯುವ ಅಧ್ಯಾಪಕರು ಇಂಥ ಸಣ್ಣ ಯೋಜನೆಯಿಂದ ಆರಂಭಿಸಿ, ಅದನ್ನು ಸಮಯಕ್ಕೆ ಮುಗಿಸಿ ತೋರಿಸುವುದು ಜಾಣತನ.

ಯೋಜನೆ ಮಂಜೂರಾಯಿತು ಎಂದರೆ ಹಣ ಪ್ರಾಧ್ಯಾಪಕರ ಕೈಗೆ ಬರುತ್ತದೆಯೇ?

ಇಲ್ಲ. ಹಣ ಸಂಸ್ಥೆಯ ಹೆಸರಿಗೆ ಮಂಜೂರಾಗುತ್ತದೆ. ಖರ್ಚು ಕೇಂದ್ರ ಸರ್ಕಾರದ ಹಣಕಾಸು ನಿರ್ವಹಣಾ ಜಾಲವಾದ ಪಿಎಫ್‌ಎಂಎಸ್ ಮೂಲಕ ದಾಖಲಾಗುತ್ತದೆ. ಉಪಕರಣ, ಸಂಶೋಧನಾ ಸಹಾಯಕರ ವೇತನ, ಪ್ರಯಾಣ, ರಾಸಾಯನಿಕಗಳು ಎಂದು ಶೀರ್ಷಿಕೆಗಳು ಬೇರೆಬೇರೆ ಇದ್ದು, ಒಂದರ ಹಣವನ್ನು ಇನ್ನೊಂದಕ್ಕೆ ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ. ವರ್ಷದ ಕೊನೆಗೆ ಹಣಕಾಸು ಅಧಿಕಾರಿಗಳ ಸಹಿಯೊಂದಿಗೆ ಬಳಕೆ ಪ್ರಮಾಣಪತ್ರ ಹೋದರೆ ಮಾತ್ರ ಮುಂದಿನ ಕಂತು. ಆ ಪತ್ರ ಕಚೇರಿಯಲ್ಲಿ ಎರಡು ತಿಂಗಳು ತಡವಾದರೆ ಸಂಶೋಧನಾ ಸಹಾಯಕರಿಗೆ ಆರು ತಿಂಗಳು ವೇತನವಿಲ್ಲ. ವಿಭಾಗಕ್ಕೊಬ್ಬ ಲೆಕ್ಕ ತಿಳಿದ ಗುಮಾಸ್ತರನ್ನು ಕೊಟ್ಟರೆ ಸಂಶೋಧನೆಯ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಎಲ್ಲ ಉಪಕರಣವನ್ನೂ ಕೊಳ್ಳಲೇಬೇಕೆಂದಿಲ್ಲ. ಶಿಲೆಯಲ್ಲಿ ಅತಿ ಸಣ್ಣ ಪ್ರಮಾಣದಲ್ಲಿರುವ ಧಾತುಗಳನ್ನೂ ಅಳೆಯುವ ಐಸಿಪಿ-ಎಂಎಸ್‌ನಂಥ ಕೋಟಿ ಬೆಲೆಯ ಯಂತ್ರಗಳನ್ನು ಐ-ಸ್ಟೆಮ್ ಪೋರ್ಟಲ್ ಮೂಲಕ ಬೇರೆ ಸಂಸ್ಥೆಗಳಲ್ಲಿ ಶುಲ್ಕ ಕೊಟ್ಟು ಬಳಸಬಹುದು.

ಜೆಆರ್‌ಎಫ್ (ನೆಟ್ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್) ಸಿಕ್ಕಿದೆ, ಗೈಡ್ ಸಿಗುತ್ತಿಲ್ಲ. ಹೀಗೇಕೆ?

ಯುಜಿಸಿಯ 2022ರ ನಿಯಮಾವಳಿಯ ಪ್ರಕಾರ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಪಿಎಚ್.ಡಿ. ವಿದ್ಯಾರ್ಥಿಗಳಿಗಷ್ಟೇ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಒಂದು ವಿಭಾಗದಲ್ಲಿ ಹಿರಿಯರೊಬ್ಬರು, ಸಹಾಯಕ ಪ್ರಾಧ್ಯಾಪಕರೊಬ್ಬರು ಮಾತ್ರ ಉಳಿದಿದ್ದು, ಹಿರಿಯರಿಗೆ ಎರಡು ವರ್ಷದ ಸೇವೆ ಬಾಕಿ ಇದ್ದರೆ ಇಡೀ ವಿಭಾಗಕ್ಕೆ ಉಳಿಯುವುದು ನಾಲ್ಕೇ ಸ್ಥಾನ, ಅವೂ ತುಂಬಿರಬಹುದು. ತಿಂಗಳಿಗೆ 37,000 ರೂಪಾಯಿಯ ಫೆಲೋಶಿಪ್ ಕೈಯಲ್ಲಿದ್ದೂ ಸೇರಲು ಜಾಗವಿಲ್ಲದ ಸ್ಥಿತಿ ಹೀಗೆ ಬರುತ್ತದೆ. ಸ್ವಂತ ಜಿಲ್ಲೆಗೇ ಕಾಯದೆ ಮೈಸೂರು, ಧಾರವಾಡ, ಮಂಗಳೂರುಗಳ ಪ್ರವೇಶ ಅಧಿಸೂಚನೆಗಳಿಗೂ ಅರ್ಜಿ ಹಾಕಿ. ಅಧ್ಯಯನ ಕ್ಷೇತ್ರವಾಗಿ ನಿಮ್ಮ ತಾಲ್ಲೂಕನ್ನೇ ಆರಿಸಿಕೊಳ್ಳಲು ಅಲ್ಲಿದ್ದೂ ಅಡ್ಡಿಯಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಅನುದಾನ ಸಿಗುವಂಥ ವಿಷಯ ಏನಿದೆ?

ಬೇಕಾದಷ್ಟಿದೆ. ತುಮಕೂರು ಜಿಲ್ಲೆಯ ಮೂಲಕ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅಂಥ ಶಿಲೆಗಳ ಬಯೊಟೈಟ್, ಅಪಟೈಟ್, ಫ್ಲೋರೈಟ್ ಖನಿಜಗಳಿಂದ ಬಿಡುಗಡೆಯಾಗುವ ಫ್ಲೋರೈಡ್ ಪಾವಗಡ, ಶಿರಾ ಕಡೆಯ ಕೊಳವೆಬಾವಿಗಳಲ್ಲಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿ ಇದೆ. ಯಾವ ಆಳದಲ್ಲಿ, ಯಾವ ಬಿರುಕಿನಲ್ಲಿ ಅದು ಏರುತ್ತದೆ ಎಂದು ಊರೂರಿನ ಮಟ್ಟದಲ್ಲಿ ನೋಡುವ ಕೆಲಸ ಮುಗಿಯುವಂಥದ್ದಲ್ಲ.

ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರಿಂದ ಕೋಲಾರದ ಕೆರೆಗಳಿಗೂ, ಎಚ್.ಎನ್. ವ್ಯಾಲಿ ಮೂಲಕ ಚಿಕ್ಕಬಳ್ಳಾಪುರದ ಕೆರೆಗಳಿಗೂ ಬರುತ್ತಿದೆ. ಕೆರೆ ತುಂಬಿದ ಸಂತೋಷ ಒಂದು ಕಡೆ. ಆ ನೀರು ಇಂಗಿ ಅಂತರ್ಜಲದ ಗುಣವನ್ನು ಹೇಗೆ ಬದಲಿಸುತ್ತಿದೆ ಎಂಬ ಪ್ರಶ್ನೆ ಇನ್ನೊಂದು ಕಡೆ. ಇದಕ್ಕೆ ಒಂದೇ ಕೆರೆಯ ಸುತ್ತಲಿನ ಬಾವಿಗಳನ್ನು ಮಳೆಗಾಲದ ಮೊದಲು ಮತ್ತು ನಂತರ, ಹತ್ತಾರು ವರ್ಷ ಬಿಡದೆ ಅಳೆಯುವವರು ಬೇಕು. ಅದನ್ನು ಮಾಡಲು ಅತ್ಯಂತ ಅನುಕೂಲವಾದ ಜಾಗದಲ್ಲಿರುವುದು ಸ್ಥಳೀಯ ವಿಶ್ವವಿದ್ಯಾಲಯ. 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯ ವರದಿಗಳು ಇಂದಿಗೂ ಉಪಯೋಗಕ್ಕೆ ಬರುತ್ತಿರುವುದು, ಆ ಕಾಲದವರು ಕ್ಷೇತ್ರದಲ್ಲಿ ಕಂಡದ್ದನ್ನು ಶ್ರದ್ಧೆಯಿಂದ ಬರೆದಿಟ್ಟದ್ದರಿಂದ.

ವಿಭಾಗದವರು ನಮ್ಮ ಹೊಲಕ್ಕೆ ಬಂದು ಬೋರ್‌ವೆಲ್ ಪಾಯಿಂಟ್ ಮಾಡಿಕೊಡುತ್ತಾರೆಯೇ?

ರೆಸಿಸ್ಟಿವಿಟಿ ಮೀಟರ್ ಮತ್ತು ಅದನ್ನು ಬಳಸಬಲ್ಲ ಅಧ್ಯಾಪಕರು ಇರುವ ವಿಭಾಗಗಳು ನಿಗದಿತ ಶುಲ್ಕ ಪಡೆದು ಸಲಹಾ ಸೇವೆಯಾಗಿ ಮಾಡಿಕೊಡಬಹುದು. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ ರಸೀದಿ ಪಡೆಯಬೇಕು. ನೆಲಕ್ಕೆ ಕಬ್ಬಿಣದ ಗೂಟಗಳನ್ನು ಹೊಡೆದು ವಿದ್ಯುತ್ ಹಾಯಿಸಿ, ಒಳಗಿನ ಪದರಗಳ ರೋಧವನ್ನು ಅಳೆಯುವ ವಿಧಾನ ಇದು. ಶಿಥಿಲಗೊಂಡ ಕಲ್ಲು ಎಷ್ಟು ಆಳದವರೆಗಿದೆ, ಬಿರುಕು ಎಲ್ಲಿರಬಹುದು ಎಂದು ಅದು ಸೂಚಿಸುತ್ತದೆ, ನೀರು ಬಂದೇ ಬರುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಲಾಗದು. ಅಂತರ್ಜಲದ ಅತಿಬಳಕೆಯಾಗಿರುವ ತಾಲ್ಲೂಕುಗಳಲ್ಲಿ ಹೊಸ ಕೊಳವೆಬಾವಿಗೆ ಅನುಮತಿಯೂ ಬೇಕು.

ಕೊರೆಸುವವರಲ್ಲಿ ಒಂದು ವಿನಂತಿ. ರಿಗ್‌ನಿಂದ ಹೊರಬರುವ ಕಲ್ಲಿನ ಪುಡಿಯನ್ನು ಹತ್ತು ಅಡಿಗೊಮ್ಮೆ ಒಂದೊಂದು ಹಿಡಿ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಆಳ ಬರೆದಿಡಿ. ನೀರು ಸಿಕ್ಕಿದ ಆಳ, ಸಿಗದಿದ್ದರೆ ನಿಲ್ಲಿಸಿದ ಆಳ, ಸರ್ವೆ ನಂಬರ್ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಹತ್ತಿರದ ಭೂವಿಜ್ಞಾನ ವಿಭಾಗಕ್ಕೆ ಅಥವಾ ಜಿಲ್ಲಾ ಅಂತರ್ಜಲ ಕಚೇರಿಗೆ ತಲುಪಿಸಿ. ಬತ್ತಿದ ಬಾವಿಯ ಮಾಹಿತಿಯೂ ಅಷ್ಟೇ ಬೆಲೆಯುಳ್ಳದ್ದು. ನೀರಿನ ಪರೀಕ್ಷೆಗೆ ತರುವವರು ಗಾಜಿನ ಬಾಟಲಿ ಬಿಟ್ಟು ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಬಾರಿ ತೊಳೆದು ತುಂಬಿಸಿ, ಪಂಪು ಹತ್ತು ನಿಮಿಷವಾದರೂ ಓಡಿದ ಮೇಲೆ ನೀರು ಹಿಡಿಯಬೇಕು.